ಗಣಿತಾಚಾರ್ಯ ಆಗಸ್ಟಸ್ ಡಿ ಮಾರ್ಗನ್

ವಾರ್ಷಿಕ ಪರೀಕ್ಷೆ ಸಮೀಪಿಸಿತೆಂದರೆ ನಮ್ಮ ಶಾಲೆಯ ಮೊಗಸಾಲೆಯಲ್ಲಿ ಒಂದು ಬಗೆಯ ಗುಂಜಾರವ ಏಳುತ್ತದೆ. ಕಂಬಕ್ಕೊರಗಿ ನಿಂತವರು, ಮೆಟ್ಟಿಲ ಮೇಲೆ ಕುಳಿತವರು, ಎಲ್ಲರೂ ಕಣ್ಣು ಮುಚ್ಚಿ ಸೂತ್ರಗಳನ್ನು ಉರು ಹೊಡೆಯುತ್ತಿರುತ್ತಾರೆ. ಕೆಲವು ವರ್ಷಗಳ ಹಿಂದೆ ಇಂಥದೇ ದಿನಗಳಲ್ಲಿ ಆರನೆಯ ಇಯತ್ತೆಯ ಒಬ್ಬ ಬಾಲೆ ನಮ್ಮ ಬಳಿಗೆ ಬಂದು, ಒಂದು ಭಿನ್ನರಾಶಿಯನ್ನು ಇನ್ನೊಂದರಿಂದ ಭಾಗಿಸುವಾಗ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸುವುದೇಕೆಂದು ಕೇಳಿದಳು. ಪಾಠಗಳನ್ನು ಮುಗಿಸುವ ಆತುರದಲ್ಲಿದ್ದ ನಾವು, ನಿಯಮವೇ ಹಾಗಿದೆ, ಹಾಗೆಯೇ ಮಾಡಿದರೆ ಉತ್ತರ ಬರುತ್ತದೆ ಎಂದು ಹೇಳಿ ಕಳುಹಿಸಿಬಿಟ್ಟೆವು. ಬಾಲೆ ತಲೆಯಾಡಿಸಿ ಹೋದಳು. ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕಗಳೇ ಬಂದವು. ಆದರೆ ಅವಳು ಮತ್ತೆಂದೂ ಏಕೆ ಎಂದು ಕೇಳಲಿಲ್ಲ.

ಅದೇ ಬೇಸಗೆಯ ರಜೆಯಲ್ಲಿ ಆಗಸ್ಟಸ್ ಡಿ ಮಾರ್ಗನ್ ಎಂಬ ಆಂಗ್ಲ ಗಣಿತಜ್ಞರ ಜೀವನವೃತ್ತಾಂತವನ್ನು ಓದುವ ಯೋಗ ನಮಗೆ ಒದಗಿತು. ಓದುತ್ತ ಹೋದಂತೆ ಆ ಬಾಲೆಯ ಮುಖ ಮತ್ತೆ ಮತ್ತೆ ನೆನಪಿಗೆ ಬಂದು ನಾಚಿಕೆಯೆನಿಸಿತು. ಏಕೆ ಎಂಬ ಪ್ರಶ್ನೆಯನ್ನೇ ತಮ್ಮ ಬೋಧನೆಯ ಜೀವಾಳವಾಗಿ ಮಾಡಿಕೊಂಡು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿದ ಆ ಮಹನೀಯರ ಬಾಳನ್ನು ನಮ್ಮ ವಿದ್ಯಾರ್ಥಿಮಿತ್ರರಿಗೂ ಅವರ ತಂದೆತಾಯಿಗಳಿಗೂ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಡಿ ಮಾರ್ಗನ್ನರು ಹುಟ್ಟಿದುದು ನಮ್ಮ ದೇಶದಲ್ಲಿಯೇ, ಮೀನಾಕ್ಷಿಯ ಗುಡಿಯಿಂದ ಜಗತ್ಪ್ರಸಿದ್ಧವಾದ ಮಧುರೆಯಲ್ಲಿ. ದಿನ ೧೮೦೬ನೆಯ ಇಸವಿಯ ಜೂನ್ ೨೭. ತಂದೆ ಜಾನ್ ಡಿ ಮಾರ್ಗನ್ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಕೂಸು ಹುಟ್ಟಿ ಎರಡು ವಾರ ಕಳೆಯುವಷ್ಟರಲ್ಲಿ, ಟಿಪ್ಪು ಸುಲ್ತಾನನ ಮಕ್ಕಳನ್ನು ಇರಿಸಿದ್ದ ವೆಲ್ಲೂರಿನ ಕೋಟೆಯಲ್ಲಿ ಸಿಪಾಯಿಗಳು ದಂಗೆಯೆದ್ದರು. ದಕ್ಷಿಣ ದೇಶದ ಆಂಗ್ಲ ಕುಟುಂಬಗಳಲ್ಲಿ ಭಯ ತುಂಬಿದ ಕಾಲ ಅದು. ಮಗುವಿಗೆ ಏಳು ತಿಂಗಳಾದಾಗ ಸಂಸಾರ ಹಡಗನ್ನೇರಿ ಇಂಗ್ಲೆಂಡಿಗೆ ಹೊರಟಿತು. ಅಷ್ಟರೊಳಗೆ ಆ ಮಗು ಒಂದು ದೊಡ್ಡ ನಷ್ಟವನ್ನು ಅನುಭವಿಸಿಯಾಗಿತ್ತು. ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ನೇತ್ರರೋಗಕ್ಕೆ ತುತ್ತಾಗಿ ಬಲಗಣ್ಣಿನ ದೃಷ್ಟಿ ಶಾಶ್ವತವಾಗಿ ಹೋಗಿತ್ತು. ಮುಂದೆ ಅವರು ಓದಿದ ಸಾವಿರಾರು ಗ್ರಂಥಗಳನ್ನೂ ತಿದ್ದಿದ ಲೆಕ್ಕವಿಲ್ಲದಷ್ಟು ಲೆಕ್ಕಗಳನ್ನೂ ಉಳಿದ ಒಂದೇ ಕಣ್ಣಿನಿಂದ ನೋಡಬೇಕಾಯಿತು.

ಮಗನಿಗೆ ನಾಲ್ಕು ವರ್ಷವಾದಾಗ ಅಕ್ಷರವನ್ನೂ ಅಂಕಿಗಳನ್ನೂ ಕಲಿಸಿದವರು ತಂದೆಯೇ. ಆದರೆ ಆ ಆಸರೆ ಬಹುಕಾಲ ಉಳಿಯಲಿಲ್ಲ. ೧೮೧೬ರಲ್ಲಿ ಭಾರತದಿಂದ ಮರಳುತ್ತಿದ್ದ ತಂದೆ ಸೇಂಟ್ ಹೆಲೆನಾ ದ್ವೀಪದ ಬಳಿ ಹಡಗಿನಲ್ಲಿಯೇ ತೀರಿಕೊಂಡರು. ಹತ್ತರ ಬಾಲಕ ತಾಯಿಯ ಪಾಲನೆಯಲ್ಲಿ ಊರಿಂದೂರಿಗೆ, ಶಾಲೆಯಿಂದ ಶಾಲೆಗೆ ಅಲೆದ. ಒಂದು ಕಣ್ಣಿಲ್ಲದ ಕಾರಣ ಓರಗೆಯವರ ಆಟಪಾಟಗಳಲ್ಲಿ ಸೇರಲಾರದೆ ಹೋದ. ಒಬ್ಬ ತುಂಟ ಹುಡುಗನಂತೂ ಕಾಣದ ಕಡೆಯಿಂದ ಸದ್ದಿಲ್ಲದೆ ಬಂದು, ಕೆನ್ನೆಯ ಬಳಿ ಚೂಪಾದ ಚಾಕು ಹಿಡಿದು ಹೆಸರು ಹಿಡಿದು ಕೂಗುತ್ತಿದ್ದನಂತೆ. ತಿರುಗಿ ನೋಡಿದರೆ ಚಾಕುವಿನ ಮೊನೆ ಮುಖಕ್ಕೆ ತಾಗಬೇಕು, ಅದು ಅವನ ಆಟ. ಬಹಳ ದಿನ ಸಹಿಸಿದ ಬಾಲಕ ಒಂದು ದಿನ ಅವನನ್ನು ಹಿಡಿದು ಚೆನ್ನಾಗಿ ತದುಕಿದ ಮೇಲೆ ಆ ಪೀಡೆ ತೊಲಗಿತು.

ಅಂಥ ಹುಡುಗನಲ್ಲಿ ಗಣಿತಜ್ಞನೊಬ್ಬ ಅಡಗಿದ್ದಾನೆಂಬುದು ಅವನ ಹದಿನಾಲ್ಕನೆಯ ವಯಸ್ಸಿನವರೆಗೂ ಯಾರಿಗೂ ತಿಳಿದಿರಲಿಲ್ಲ. ಒಂದು ದಿನ ಅವನು ಪಟ್ಟಿ ಕೈವಾರಗಳನ್ನು ಹಿಡಿದು ಯೂಕ್ಲಿಡನ ರೇಖಾಗಣಿತದ ಒಂದು ಆಕೃತಿಯನ್ನು ಬಹು ಅಂದವಾಗಿ ಬರೆಯುತ್ತಿದ್ದುದನ್ನು ಕುಟುಂಬದ ಸ್ನೇಹಿತರೊಬ್ಬರು ಕಂಡರು. ಚಿತ್ರ ಅಂದವಾಗಿರುವುದು ರೇಖಾಗಣಿತವಲ್ಲ, ಆ ಚಿತ್ರದಲ್ಲಿ ಕಾಣುವ ಮಾತು ಎಂದೆಂದಿಗೂ ಸತ್ಯವೇ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಸಾಧಿಸುವುದೇ ಅದರ ಉದ್ದೇಶ ಎಂದು ಅವರು ಬಿಡಿಸಿ ಹೇಳಿದರು. ಆ ಹೊತ್ತಿನಿಂದ ಬಾಲಕನಿಗೆ ಹೊಸ ಲೋಕವೇ ತೆರೆದಂತಾಯಿತು. ಬ್ರಿಸ್ಟಲ್ ನಗರದ ಚರ್ಚಿನಲ್ಲಿ ಉದ್ದುದ್ದ ಪ್ರವಚನಗಳು ನಡೆಯುತ್ತಿದ್ದಾಗ ಅವನು ಬೂಟಿನ ಕೊಕ್ಕೆಯಿಂದ ಆಸನದ ಹಲಗೆಯ ಮೇಲೆ ಯೂಕ್ಲಿಡನ ಪ್ರಮೇಯಗಳನ್ನೂ ಸಮೀಕರಣಗಳನ್ನೂ ಗೀರುತ್ತಿದ್ದನಂತೆ. ನಮ್ಮ ವಿದ್ಯಾರ್ಥಿಗಳು ಬೆಂಚುಗಳ ಮೇಲೆ ಕೆತ್ತುವುದಕ್ಕೆ ಇದನ್ನು ಅಪ್ಪಣೆಯೆಂದು ತಿಳಿಯಬಾರದು!

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಅವರ ತಾಯಿಯ ಕಡೆಯ ಮುತ್ತಾತ ಜೇಮ್ಸ್ ಡಾಡ್ಸನ್ ೧೮ನೆಯ ಶತಮಾನದ ಹೆಸರಾಂತ ಗಣಿತಜ್ಞ. ಪ್ರತಿಲಘುಗಣಕಗಳ ದೊಡ್ಡ ಕೋಷ್ಟಕವನ್ನು ೧೭೪೨ರಲ್ಲಿ ಪ್ರಕಟಿಸಿದವರು. ಆದರೆ ಹೊಟ್ಟೆಪಾಡಿಗಾಗಿ ಶಾಲೆಯೊಂದರಲ್ಲಿ ಲೆಕ್ಕದ ಮೇಷ್ಟ್ರಾಗಿದ್ದುದರಿಂದ ಮನೆತನದವರಿಗೆ ಅವರ ಹೆಸರೆತ್ತುವುದೇ ಅವಮಾನವಾಗಿತ್ತು. ಆ ಡಾಡ್ಸನ್ ಯಾರೆಂದು ಬಾಲಕ ವಿಚಾರಿಸಿದಾಗ, ಮನೆಯ ಹುಳುಕನ್ನು ಬಯಲಿಗೆ ತರಬಾರದೆಂಬ ಅರ್ಥ ಬರುವ ಮಾತನ್ನಾಡಿ ಅತ್ತೆ ಸುಮ್ಮನಾಗಿಸಿದರಂತೆ. ಮನೆತನ ಮರೆಮಾಚಿದ ಆ ಮೇಷ್ಟ್ರ ವೃತ್ತಿಯೇ ಮರಿಮಗನ ಹಿರಿಮೆಗೆ ಕಾರಣವಾಯಿತು.

೧೮೨೩ರಲ್ಲಿ, ಇನ್ನೂ ಹದಿನಾರರ ವಯಸ್ಸಿನಲ್ಲಿ, ಡಿ ಮಾರ್ಗನ್ನರು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. ಪೀಕಾಕ್, ಏರಿ, ಹ್ಯೂವೆಲ್ ಮೊದಲಾದ ವಿದ್ವಾಂಸರ ಶಿಷ್ಯತ್ವ ದೊರೆಯಿತು. ಓದಿನ ಬಿಡುವಿನಲ್ಲಿ ಕೊಳಲೇ ಸಂಗಾತಿ. ಅದನ್ನು ನುಡಿಸುವುದರಲ್ಲಿ ಅವರು ನಿಪುಣರು. ೧೮೨೭ರ ಗಣಿತದ ಪದವಿಪರೀಕ್ಷೆಯಲ್ಲಿ ಅವರಿಗೆ ನಾಲ್ಕನೆಯ ಸ್ಥಾನ ಬಂದಿತು. ಮೊದಲಿಗರಾಗಿಯೇ ಬರಬಹುದಾಗಿದ್ದವರು ಅವರು ಎಂದು ಬಲ್ಲವರ ಎಣಿಕೆಯಾಗಿತ್ತು. ಆದರೆ ಪರೀಕ್ಷೆಗೆ ಬೇಕಾದಷ್ಟನ್ನೇ ಆರಿಸಿ ಓದುವ ಜಾಣತನ ಅವರಿಗೆ ಒಗ್ಗಲಿಲ್ಲ. ಮನಸ್ಸು ಎಳೆದ ಕಡೆಗೆಲ್ಲ ಓದುತ್ತ ಹೋದರು. ಪರೀಕ್ಷೆಯ ಅಂಕಗಳಿಂದ ಬುದ್ಧಿಯನ್ನು ಅಳೆಯಲಾಗದೆಂಬ ಅವರ ನಂಬಿಕೆಗೆ ಬೇರು ಬಿದ್ದುದು ಇಲ್ಲಿಯೇ.

ಮುಂದಿನ ಪದವಿಯನ್ನೂ ಕಾಲೇಜಿನ ಫೆಲೋ ಸ್ಥಾನವನ್ನೂ ಪಡೆಯಬೇಕಾದರೆ ಆಗಿನ ಕೇಂಬ್ರಿಜ್ಜಿನಲ್ಲಿ ಇಂಗ್ಲೆಂಡಿನ ರಾಜಮಾನ್ಯ ಚರ್ಚಿನ ಮತತತ್ತ್ವಗಳನ್ನು ಒಪ್ಪಿರುವುದಾಗಿ ರುಜು ಹಾಕಬೇಕಾಗಿತ್ತು. ಎಷ್ಟೋ ಜನ ನಂಬಿಕೆಯಿಲ್ಲದೆಯೇ ರುಜು ಹಾಕಿ ಮುಂದುವರಿಯುತ್ತಿದ್ದರು. ಡಿ ಮಾರ್ಗನ್ನರು ದೇವರಲ್ಲಿ ನಂಬಿಕೆಯುಳ್ಳವರೇ. ತಾಯಿಗಂತೂ ಮಗ ಪಾದ್ರಿಯಾಗಬೇಕೆಂಬ ಹಂಬಲ. ಆದರೆ ತಮ್ಮ ಮನಸ್ಸು ಒಪ್ಪದ ಮಾತಿನ ಕೆಳಗೆ ಹೆಸರು ಬರೆಯುವುದು ಅವರಿಂದಾಗಲಿಲ್ಲ. ಒಂದು ರುಜುವಿಗಾಗಿ ಕೇಂಬ್ರಿಜ್ಜಿನ ಬಾಗಿಲು ಮುಚ್ಚಿಹೋಯಿತು. ಲಂಡನ್ನಿಗೆ ಬಂದು ಒಲ್ಲದ ಮನಸ್ಸಿನಿಂದ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದರು.

ಅದೇ ಸಮಯದಲ್ಲಿ ಲಂಡನ್ನಿನಲ್ಲಿ ಒಂದು ಹೊಸ ವಿಶ್ವವಿದ್ಯಾಲಯ ತಲೆಯೆತ್ತುತ್ತಿತ್ತು. ಮುಂದೆ ಯೂನಿವರ್ಸಿಟಿ ಕಾಲೇಜ್ ಎಂದು ಹೆಸರಾದ ಆ ಸಂಸ್ಥೆ ಯಾವ ವಿದ್ಯಾರ್ಥಿಯ, ಯಾವ ಅಧ್ಯಾಪಕನ ಮತವನ್ನೂ ಕೇಳುವುದಿಲ್ಲವೆಂದು ಸಾರಿತ್ತು. ಅಲ್ಲಿನ ಪ್ರಥಮ ಗಣಿತ ಪ್ರಾಧ್ಯಾಪಕರಾಗಿ ೧೮೨೮ರಲ್ಲಿ ಆಯ್ಕೆಯಾದಾಗ ಡಿ ಮಾರ್ಗನ್ನರಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ಆದರೆ ಮೂರೇ ವರ್ಷಗಳಲ್ಲಿ ಅವರು ಆ ಹುದ್ದೆಯನ್ನು ಬಿಟ್ಟುಕೊಟ್ಟರು. ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರೊಬ್ಬರನ್ನು ಆಡಳಿತ ಮಂಡಲಿ ಕೆಲಸದಿಂದ ತೆಗೆದುಹಾಕಿತ್ತು. ಇದು ತಮ್ಮ ಮೇಲೆ ಬಂದ ಆಪತ್ತಲ್ಲವೆಂದು ಡಿ ಮಾರ್ಗನ್ನರು ಸುಮ್ಮನಿರಬಹುದಾಗಿತ್ತು. ಆದರೆ ಆಡಳಿತದವರ ಇಷ್ಟಾನಿಷ್ಟಗಳಿಗೆ ಹೆದರುತ್ತ ಪಾಠ ಹೇಳುವ ಅಧ್ಯಾಪಕನು ವಿದ್ಯಾರ್ಥಿಗಳ ಗೌರವವನ್ನೂ ಉಳಿಸಿಕೊಳ್ಳಲಾರನೆಂಬುದು ಅವರ ಸಿದ್ಧಾಂತ. ೧೮೩೧ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಮುಂದಿನ ಐದು ವರ್ಷ ಖಾಸಗಿ ಪಾಠ ಮತ್ತು ಬರವಣಿಗೆಗಳಿಂದ ಜೀವನ ಸಾಗಿಸಿದರು. ೧೮೩೬ರಲ್ಲಿ ಅವರ ಸ್ಥಾನಕ್ಕೆ ಬಂದಿದ್ದ ಪ್ರಾಧ್ಯಾಪಕರು ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಕಾಲೇಜು ಮತ್ತೆ ಡಿ ಮಾರ್ಗನ್ನರನ್ನೇ ಕರೆಯಿತು. ಅಂದಿನಿಂದ ಮೂವತ್ತು ವರ್ಷ ಅವರು ಆ ಪೀಠವನ್ನು ಅಲಂಕರಿಸಿದರು.

ಅವರ ಬೋಧನಕ್ರಮ ಹೇಗಿತ್ತೆಂಬುದನ್ನು ಅವರ ಶಿಷ್ಯರು ಅಚ್ಚಳಿಯದಂತೆ ನೆನಪಿಟ್ಟುಕೊಂಡಿದ್ದರು. ವಾರಕ್ಕೆ ಮೂರು ಗಂಟೆಗಳಂತೆ ನಾಲ್ಕು ತರಗತಿಗಳು. ಎಂದರೆ ದಿನವೂ ಎರಡು ಗಂಟೆಗಳ ಉಪನ್ಯಾಸ. ಅಂಕಗಣಿತ ಮತ್ತು ಯೂಕ್ಲಿಡನ ಮೊದಲ ಪುಸ್ತಕದಿಂದ ಹಿಡಿದು ಕಲನಶಾಸ್ತ್ರದ ಅತ್ಯುಚ್ಚ ಭಾಗಗಳವರೆಗೆ ಎಲ್ಲವನ್ನೂ ಅವರೊಬ್ಬರೇ ಹೇಳುತ್ತಿದ್ದರು. ವರ್ಷದ ಕೆಲವು ಕಾಲ ಸಂಜೆಯ ಹೊತ್ತು ಶಾಲಾ ಮಾಸ್ತರರಿಗಾಗಿಯೇ ಬೇರೆ ಪಾಠ. ಬರೆದು ತಂದುದನ್ನು ಓದುವ ಪದ್ಧತಿಯಿಲ್ಲ. ವಿದ್ಯಾರ್ಥಿಗಳ ಎದುರಿನಲ್ಲಿಯೇ ಯೋಚಿಸುತ್ತ, ವಿಷಯವನ್ನು ಬುಡದಿಂದ ಕಟ್ಟುತ್ತ ಹೋಗುತ್ತಿದ್ದರು.

ಇಷ್ಟಕ್ಕೇ ಪ್ರಾಧ್ಯಾಪಕನ ಕರ್ತವ್ಯ ಮುಗಿಯಿತೆಂದು ಅವರು ಭಾವಿಸಲಿಲ್ಲ. ಪ್ರತಿ ಉಪನ್ಯಾಸದ ಕೊನೆಯಲ್ಲಿ ಅಂದಿನ ವಿಷಯಕ್ಕೆ ಸಂಬಂಧಿಸಿದ ಲೆಕ್ಕಗಳನ್ನು ಕೊಡುತ್ತಿದ್ದರು. ವಿದ್ಯಾರ್ಥಿಗಳು ಬಿಡಿಸಿ ತಂದೊಪ್ಪಿಸಿದ ಹಾಳೆಗಳನ್ನು ಸ್ವತಃ ಪರಿಶೀಲಿಸಿ ಮುಂದಿನ ಉಪನ್ಯಾಸದೊಳಗೆ ಹಿಂದಿರುಗಿಸುತ್ತಿದ್ದರು. ಸರಿಯಾದುದಕ್ಕೆ ಒಂದು ಗುರುತು. ಕೂಡುವ ಕಳೆಯುವ ಕಡೆ ಕೈತಪ್ಪಾಗಿದ್ದರೆ ಅದನ್ನು ಹೊಡೆದು ಪಕ್ಕದಲ್ಲಿ ತಿದ್ದುಪಡಿ. ಆದರೆ ತತ್ತ್ವವೇ ತಿಳಿಯದೆ ತಪ್ಪು ಮಾಡಿದ್ದರೆ ತಿದ್ದುತ್ತಿರಲಿಲ್ಲ. ಬಂದು ತಮಗೆ ತೋರಿಸಬೇಕೆಂಬ ಪುಟ್ಟ ಸೂಚನೆಯನ್ನು ಮಾತ್ರ ಬರೆಯುತ್ತಿದ್ದರು. ಅಂಥ ವಿದ್ಯಾರ್ಥಿ ಪಾಠವಾದ ಮೇಲೆ ವೇದಿಕೆಯ ಬಳಿಗೆ ಹೋಗಬೇಕು. ಗುರುಗಳು ಅವನೊಬ್ಬನನ್ನೇ ಹತ್ತಿರ ಕರೆದು, ಅವನ ಬುದ್ಧಿ ಎಲ್ಲಿ ಎಡವಿತೆಂದು ಹುಡುಕಿ, ಆ ತೊಡಕನ್ನು ಬಿಡಿಸುತ್ತಿದ್ದರು. ವಿದ್ಯಾರ್ಥಿಗಳು ಅನೇಕ ವೇಳೆ ನೂರಕ್ಕೂ ಹೆಚ್ಚು. ಒಬ್ಬೊಬ್ಬರು ಮೂರು ಲೆಕ್ಕ ತಂದರೂ ಮುನ್ನೂರಾಯಿತು. ನೋಡುವುದಕ್ಕಿದ್ದುದು ಒಂದು ಕಣ್ಣು.

ಕೈತಪ್ಪಿಗೂ ಬುದ್ಧಿತಪ್ಪಿಗೂ ಇರುವ ಈ ಭೇದವನ್ನು ನಾವು ಅಧ್ಯಾಪಕರು ಮನಗಾಣಬೇಕು. ಎರಡಕ್ಕೂ ಕೆಂಪು ಶಾಯಿಯ ಒಂದೇ ಗೀಟು ಎಳೆಯುವ ಅಭ್ಯಾಸ ನಮ್ಮದು. ಹಾಗೆ ಮಾಡಿದರೆ ಮಗುವಿಗೆ ತಾನು ತಪ್ಪಿದೆನೆಂಬುದು ತಿಳಿಯುತ್ತದೆಯೇ ಹೊರತು ಏತರಲ್ಲಿ ತಪ್ಪಿದೆನೆಂಬುದು ತಿಳಿಯುವುದಿಲ್ಲ.

ಉರು ಹೊಡೆಯುವುದನ್ನು ಕಂಡರೆ ಡಿ ಮಾರ್ಗನ್ನರಿಗೆ ಎಲ್ಲಿಲ್ಲದ ತಿರಸ್ಕಾರ. ಒಮ್ಮೆ ಕಾಲೇಜಿನ ವಾರ್ಷಿಕ ಪರೀಕ್ಷೆಗೆ ಒಂದು ವಾರವಿರುವಾಗ ಹಲವರು ದಿನದ ಲೆಕ್ಕಗಳನ್ನು ಮಾಡಿ ತರುವುದನ್ನು ನಿಲ್ಲಿಸಿದರು. ಇವರು ಮನೆಯಲ್ಲಿ ಗಟ್ಟು ಮಾಡುತ್ತ ಕುಳಿತಿದ್ದಾರೆಂಬುದು ಗುರುಗಳಿಗೆ ಗೊತ್ತಾಯಿತು. ತರಗತಿಗೆ ಬಂದವರೇ ಅದನ್ನು ನೇರವಾಗಿ ಆಡಿ ತೋರಿಸಿ, ಗಟ್ಟು ಮಾಡಿದುದೆಲ್ಲ ನಿಷ್ಪ್ರಯೋಜಕವಾಗುವಂಥ ಪ್ರಶ್ನೆಪತ್ರಿಕೆಯನ್ನೇ ತೆಗೆಯುವುದಾಗಿ ಎಚ್ಚರಿಸಿದರು.

ಈ ಮನೋಭಾವವನ್ನೇ ಅವರ ಪಠ್ಯಪುಸ್ತಕಗಳಲ್ಲಿಯೂ ಕಾಣಬಹುದು. ೧೮೩೦ರಲ್ಲಿ ಪ್ರಕಟವಾದ ಅವರ ಅಂಕಗಣಿತ ನಿಯಮಗಳ ಪಟ್ಟಿಯಿಂದ ಆರಂಭವಾಗುವುದಿಲ್ಲ. ಕುದುರೆ ಸವಾರರ ಒಂದು ದಂಡನ್ನು ಕಣ್ಣ ಮುಂದೆ ತಂದು ನಿಲ್ಲಿಸುತ್ತದೆ. ಎಣಿಸಲು ಬಾರದವನಿಗೂ ಅಲ್ಲಿ ಒಬ್ಬ ಸವಾರನಿಗೆ ಒಂದೊಂದು ಕುದುರೆಯಿರುವುದು ಕಾಣುತ್ತದೆ. ಅಷ್ಟರಿಂದಲೇ ಸಂಖ್ಯೆಯೆಂಬ ಭಾವನೆ ಹುಟ್ಟುತ್ತದೆ. ಹೀಗೆ ಕಂಡುದರಿಂದ ಕಾಣದುದಕ್ಕೆ ಏರುವುದು ಅವರ ಮಾರ್ಗ. ನಮ್ಮ ಆ ಬಾಲೆಗೂ ಹೀಗೆಯೇ ಉತ್ತರ ಕೊಡಬಹುದಾಗಿತ್ತು. ಅರ್ಧ ಲೀಟರು ಹಾಲನ್ನು ಕಾಲು ಲೀಟರಿನ ಲೋಟಕ್ಕೆ ಸುರಿದರೆ ಎಷ್ಟು ಸಲ ತುಂಬುತ್ತದೆ? ಒಂದು ಲೀಟರಿಗೆ ನಾಲ್ಕು ಸಲ, ಅರ್ಧಕ್ಕೆ ಅದರ ಅರ್ಧ, ಎಂದರೆ ಎರಡು ಸಲ. ಕಾಲರಿಂದ ಭಾಗಿಸುವುದೆಂದರೆ ನಾಲ್ಕರಿಂದ ಗುಣಿಸುವುದೆಂಬುದು ಲೋಟ ಹಿಡಿದ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

ಅವರ ಲೇಖನಿಗೆ ದಣಿವೆಂಬುದಿರಲಿಲ್ಲ. ಸಾಮಾನ್ಯ ಜನರಿಗಾಗಿ ಅಗ್ಗದ ಬೆಲೆಗೆ ಪ್ರಕಟವಾಗುತ್ತಿದ್ದ ಪೆನ್ನಿ ವಿಶ್ವಕೋಶಕ್ಕೆ ನೂರಾರು ಲೇಖನಗಳನ್ನು ಬರೆದುಕೊಟ್ಟರು. ೧೮೪೭ರಲ್ಲಿ ತರ್ಕಶಾಸ್ತ್ರದ ಮೇಲೆ ಮಹತ್ವದ ಗ್ರಂಥವನ್ನು ಹೊರತಂದರು. ಇಂದಿಗೂ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಅವರ ಹೆಸರಿನ ಎರಡು ನಿಯಮಗಳನ್ನು ಓದುತ್ತಾರೆ. ಅಕ್ಕಿ ಬೇಳೆ ಎರಡೂ ಮನೆಯಲ್ಲಿವೆ ಎಂಬುದು ಸುಳ್ಳಾದರೆ, ಅಕ್ಕಿಯಾದರೂ ಇಲ್ಲ ಇಲ್ಲವೆ ಬೇಳೆಯಾದರೂ ಇಲ್ಲ. ಎರಡರಲ್ಲಿ ಒಂದಾದರೂ ಇದೆ ಎಂಬುದೇ ಸುಳ್ಳಾದರೆ, ಅಕ್ಕಿಯೂ ಇಲ್ಲ ಬೇಳೆಯೂ ಇಲ್ಲ. ಗೃಹಿಣಿಯರೆಲ್ಲ ಬಲ್ಲ ಈ ಮಾತನ್ನು ಸಂಕೇತಗಳ ಕಟ್ಟಿನಲ್ಲಿ ಹಿಡಿದಿಟ್ಟುದರಿಂದ ಅದು ಇಂದಿನ ಗಣಕಯಂತ್ರಗಳ ಮಂಡಲಗಳನ್ನು ರಚಿಸುವಲ್ಲಿಯೂ ನೆರವಾಗುತ್ತಿದೆ.

ಬ್ರಿಟನ್ನಿನ ನಾಣ್ಯಪದ್ಧತಿಯನ್ನು ದಶಮಾಂಶಕ್ಕೆ ತರಬೇಕೆಂದೂ ಅವರು ಬಹುವಾಗಿ ವಾದಿಸಿದರು. ನಮ್ಮಲ್ಲಿ ಆಣೆ ಪೈಗಳು ಹೋಗಿ ನಯಾ ಪೈಸೆ ಬಂದುದು ೧೯೫೭ರಲ್ಲಿ. ಅವರ ದೇಶ ಆ ಮಾತಿಗೆ ಕಿವಿಗೊಟ್ಟುದು ೧೯೭೧ರಲ್ಲಿ, ಅವರು ತೀರಿಕೊಂಡು ನೂರು ವರ್ಷಗಳಾದ ಮೇಲೆ!

ಅವರ ಶಿಷ್ಯಸಂಪತ್ತೂ ದೊಡ್ಡದು. ಗಣಿತಜ್ಞ ಸಿಲ್ವೆಸ್ಟರ್, ಅರ್ಥಶಾಸ್ತ್ರಜ್ಞ ಜೆವೊನ್ಸ್, ಹಲವು ತಲೆಮಾರುಗಳು ಓದಿದ ಪಠ್ಯಪುಸ್ತಕಗಳನ್ನು ಬರೆದ ಟಾಡ್‌ಹಂಟರ್ ಅವರ ಬಳಿ ಕಲಿತವರು. ಆದರೆ ಈ ಹೆಸರುಗಳಿಗಿಂತ ಒಂದು ಚಿಕ್ಕ ಪ್ರಸಂಗ ನಮಗೆ ಹೆಚ್ಚು ಪ್ರಿಯವಾಗಿದೆ. ಅವರ ಹಳೆಯ ವಿದ್ಯಾರ್ಥಿ ಫ್ರಾನ್ಸಿಸ್ ಗಥ್ರಿ ಇಂಗ್ಲೆಂಡಿನ ಭೂಪಟಕ್ಕೆ ಬಣ್ಣ ಹಚ್ಚುತ್ತಿದ್ದಾಗ, ಗಡಿ ಹಂಚಿಕೊಂಡ ಎರಡು ಪ್ರಾಂತಗಳಿಗೆ ಒಂದೇ ಬಣ್ಣ ಬಾರದಂತೆ ಮಾಡಲು ನಾಲ್ಕೇ ಬಣ್ಣ ಸಾಕಾಗುವುದನ್ನು ಕಂಡನು. ಎಲ್ಲ ಭೂಪಟಗಳಿಗೂ ಹೀಗೆಯೇ? ಹೌದಾದರೆ ಏಕೆ? ಈ ಪ್ರಶ್ನೆಯನ್ನು ಅವನ ತಮ್ಮ ತರಗತಿಯಲ್ಲಿ ಡಿ ಮಾರ್ಗನ್ನರ ಮುಂದಿಟ್ಟನು. ಗುರುಗಳಿಗೆ ಉತ್ತರ ತಿಳಿಯಲಿಲ್ಲ. ಇದೇನು ಮಕ್ಕಳಾಟವೆಂದು ತಳ್ಳಿಹಾಕಲಿಲ್ಲ, ತಿಳಿಯದುದನ್ನು ಮುಚ್ಚಿಡಲೂ ಇಲ್ಲ. ಅಂದೇ, ೧೮೫೨ನೆಯ ಇಸವಿಯ ಅಕ್ಟೋಬರ್ ೨೩ರಂದು, ಡಬ್ಲಿನ್ನಿನಲ್ಲಿದ್ದ ಮಹಾಗಣಿತಜ್ಞ ಹ್ಯಾಮಿಲ್ಟನ್ನರಿಗೆ ಪತ್ರ ಬರೆದು, ತಮ್ಮ ವಿದ್ಯಾರ್ಥಿ ಕೇಳಿದ ಪ್ರಶ್ನೆಯೆಂದೇ ತಿಳಿಸಿದರು. ಆ ಪ್ರಶ್ನೆ ಜಗತ್ತಿನ ಗಣಿತಜ್ಞರನ್ನು ನೂರಿಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಕಾಡಿ, ೧೯೭೬ರಲ್ಲಿ ಗಣಕಯಂತ್ರದ ನೆರವಿನಿಂದ ಬಗೆಹರಿಯಿತು.

ಅವರಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಕವಿ ಬೈರನ್ನನ ಮಗಳು ಏಡಾ ಲವ್ಲೇಸ್ ೧೮೪೦ರಿಂದ ಅವರ ಬಳಿ ಪತ್ರಗಳ ಮೂಲಕ ಕಲನಶಾಸ್ತ್ರವನ್ನು ಕಲಿತಳು. ಆಕೆಯ ಅಸಾಮಾನ್ಯ ಶಕ್ತಿಯನ್ನು ಗುರುತಿಸಿದ ಅವರೇ, ಅಷ್ಟು ಆಳವಾದ ಚಿಂತನೆಯ ಭಾರವನ್ನು ಸ್ತ್ರೀಯ ದೇಹ ತಾಳಲಾರದೆಂಬ ಆ ಕಾಲದ ಅಂಜಿಕೆಯನ್ನು ಆಕೆಯ ತಾಯಿಗೆ ಬರೆದ ಪತ್ರದಲ್ಲಿ ತೋಡಿಕೊಂಡರು. ಆದರೂ ಪಾಠ ಹೇಳುವಾಗ ಅವರು ಏನನ್ನೂ ಸಡಿಲಿಸಲಿಲ್ಲ. ಲಂಡನ್ನಿನ ಬೆಡ್‌ಫರ್ಡ್ ಚೌಕದಲ್ಲಿ ೧೮೪೯ರಲ್ಲಿ ಮಹಿಳೆಯರಿಗಾಗಿ ಕಾಲೇಜು ತೆರೆದಾಗ ಅಲ್ಲಿಯೂ ಗಣಿತ ಬೋಧಿಸಿದರು.

ಈಗ ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಅಧ್ಯಾಯಕ್ಕೆ ಬರೋಣ. ದೆಹಲಿಯ ಕಾಲೇಜಿನಲ್ಲಿ ರಾಮಚಂದ್ರ ಎಂಬ ತರುಣ ಅಧ್ಯಾಪಕರಿದ್ದರು. ೧೮೨೧ರಲ್ಲಿ ಪಾನಿಪತ್ತಿನಲ್ಲಿ ಹುಟ್ಟಿದ ಅವರೂ ಡಿ ಮಾರ್ಗನ್ನರಂತೆಯೇ ಬಾಲ್ಯದಲ್ಲಿ ತಂದೆಯನ್ನು ಕಳೆದುಕೊಂಡವರು. ಆ ಕಾಲೇಜಿನಲ್ಲಿ ಅವರು ಗಣಿತ ವಿಜ್ಞಾನಗಳನ್ನು ಜನರ ಭಾಷೆಯಾದ ಉರ್ದುವಿನಲ್ಲಿ ಬೋಧಿಸುತ್ತಿದ್ದರು. ಗರಿಷ್ಠ ಕನಿಷ್ಠ ಬೆಲೆಗಳನ್ನು ಕಂಡುಹಿಡಿಯಲು ಪಾಶ್ಚಾತ್ಯರು ಕಲನಶಾಸ್ತ್ರವನ್ನು ಬಳಸುತ್ತಾರೆ. ಭಾರತೀಯರಿಗೆ ಭಾಸ್ಕರಾಚಾರ್ಯರ ಕಾಲದಿಂದಲೂ ಪರಿಚಿತವಾದ ಬೀಜಗಣಿತವೊಂದರಿಂದಲೇ ಅದನ್ನು ಸಾಧಿಸಿ ತೋರಿಸಬೇಕೆಂದು ರಾಮಚಂದ್ರರು ಹಟ ತೊಟ್ಟರು. ತಮ್ಮ ಸ್ವಂತ ಖರ್ಚಿನಿಂದ ೧೮೫೦ರಲ್ಲಿ ಕಲಕತ್ತೆಯಲ್ಲಿ ಒಂದು ಇಂಗ್ಲಿಷ್ ಗ್ರಂಥವನ್ನು ಅಚ್ಚು ಹಾಕಿಸಿದರು.

ಅವರ ದಾರಿಯನ್ನು ಒಂದು ಸುಲಭ ಉದಾಹರಣೆಯಿಂದ ತಿಳಿಯಬಹುದು. ಹತ್ತನ್ನು ಎರಡು ಭಾಗ ಮಾಡಿ ಒಂದರಿಂದ ಇನ್ನೊಂದನ್ನು ಗುಣಿಸಿದರೆ ಬರುವ ಗುಣಲಬ್ಧ ಹೆಚ್ಚೆಂದರೆ ಎಷ್ಟು? ಗುಣಲಬ್ಧ ಇಷ್ಟೆಂದು ಇಟ್ಟುಕೊಂಡು ವರ್ಗ ಸಮೀಕರಣವನ್ನು ಬಿಡಿಸಿದರೆ, ಆ ಗುಣಲಬ್ಧವನ್ನು ೨೫ರಿಂದ ಕಳೆದು ಉಳಿದುದರ ವರ್ಗಮೂಲವನ್ನು ತೆಗೆಯಬೇಕಾಗುತ್ತದೆ. ಗುಣಲಬ್ಧ ೨೫ನ್ನು ಮೀರಿದರೆ ಉಳಿಯುವುದು ಋಣಸಂಖ್ಯೆ. ಅದಕ್ಕೆ ವಾಸ್ತವ ವರ್ಗಮೂಲವಿಲ್ಲ. ಆದುದರಿಂದ ೨೫ಕ್ಕಿಂತ ಹೆಚ್ಚು ಬರಲು ಸಾಧ್ಯವಿಲ್ಲ. ಭಾಗಗಳು ೫ ಮತ್ತು ೫. ಕಲನಶಾಸ್ತ್ರದ ಹಂಗಿಲ್ಲದೆ ಒಂಬತ್ತು ಹತ್ತನೆಯ ಇಯತ್ತೆಯ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲನು.

ಕಲಕತ್ತೆಯ ವಿಮರ್ಶಕರು ಈ ಗ್ರಂಥವನ್ನು ಹಳಿದರು. ಆದರೆ ಕಲಕತ್ತೆಯ ಬಾಲಿಕಾ ಶಾಲೆಯಿಂದ ಪ್ರಸಿದ್ಧರಾದ ಬೆಥೂನ್ ಸಾಹೇಬರು ಒಂದು ಪ್ರತಿಯನ್ನು ಡಿ ಮಾರ್ಗನ್ನರಿಗೆ ಕಳುಹಿಸಿದರು. ಅವರು ಅದನ್ನು ತಮ್ಮ ವಿದ್ಯಾರ್ಥಿಯ ಹಾಳೆಯನ್ನು ನೋಡುವಷ್ಟೇ ಶ್ರದ್ಧೆಯಿಂದ ಓದಿದರು. ಕಂಪನಿಯ ನಿರ್ದೇಶಕರಿಗೆ ಬರೆದು, ಗ್ರಂಥಕರ್ತರಿಗೆ ಮನ್ನಣೆ ದೊರೆಯಬೇಕೆಂದು ಒತ್ತಾಯಿಸಿದರು. ಅದರ ಫಲವಾಗಿ ರಾಮಚಂದ್ರರಿಗೆ ಖಿಲ್ಲತ್ತೂ ೨,೦೦೦ ರೂಪಾಯಿಗಳ ಬಹುಮಾನವೂ ದೊರೆತವು. ಡಿ ಮಾರ್ಗನ್ನರ ಮೇಲ್ವಿಚಾರಣೆಯಲ್ಲಿ, ಅವರ ದೀರ್ಘ ಮುನ್ನುಡಿಯೊಡನೆ, ೧೮೫೯ರಲ್ಲಿ ಆ ಗ್ರಂಥ ಲಂಡನ್ನಿನಲ್ಲಿ ಪುನಃ ಪ್ರಕಟವಾಯಿತು. ೧೮೫೭ರ ದಂಗೆಯಿಂದ ಇಂಗ್ಲೆಂಡಿನಲ್ಲಿ ಭಾರತೀಯರ ಮೇಲೆ ಕೋಪ ಇನ್ನೂ ಆರದಿದ್ದ ದಿನಗಳವು. ಆ ಮುನ್ನುಡಿಯಲ್ಲಿ ಆಳುವವರ ಹಿರಿತನದ ಧ್ವನಿ ಇಲ್ಲವೆಂದಲ್ಲ. ಆದರೆ ಭಾರತೀಯರಿಗೆ ಪಾಶ್ಚಾತ್ಯ ವಿದ್ಯೆಯನ್ನು ಹೊರಗಿನಿಂದ ತುರುಕುವುದಕ್ಕಿಂತ ಅವರದೇ ಆದ ಗಣಿತಪರಂಪರೆಯಿಂದ ಅವರ ಬುದ್ಧಿಯನ್ನು ಎಚ್ಚರಿಸುವುದು ಲೇಸೆಂಬ ತತ್ತ್ವವನ್ನು ಅವರು ಅಲ್ಲಿ ಸಾರಿದರು. ಕನ್ನಡದಲ್ಲಿ ಮಗ್ಗಿ ಕಲಿತು, ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ, ಊರು ಬಿಟ್ಟು ಈ ಮುಂಬಯಿಗೆ ಬಂದು ಕನ್ನಡದಲ್ಲಿ ತ್ರೈರಾಶಿ ಹೇಳಿಕೊಡುವ ನಮ್ಮಂಥವರಿಗೆ ಆ ಇಬ್ಬರು ಅಧ್ಯಾಪಕರ ಸ್ನೇಹ ಧೈರ್ಯ ತುಂಬುವಂಥದು.

ಡಿ ಮಾರ್ಗನ್ನರು ಪದವಿ ಬಿರುದುಗಳಿಗೆ ಆಸೆಪಟ್ಟವರಲ್ಲ. ರಾಯಲ್ ಸೊಸೈಟಿಯ ಸದಸ್ಯರಾಗಲು ಒಪ್ಪಲಿಲ್ಲ. ಎಡಿನ್‌ಬರೋದಿಂದ ಬಂದ ಗೌರವ ಪದವಿಯನ್ನೂ ಒಲ್ಲೆನೆಂದರು. ೧೮೩೭ರಲ್ಲಿ ಸೋಫಿಯಾ ಫ್ರೆಂಡ್ ಎಂಬ ವಿದುಷಿಯನ್ನು ವಿವಾಹವಾಗಿ ಏಳು ಮಕ್ಕಳ ತಂದೆಯಾದರು. ವಿನೋದಪ್ರಿಯರಾದ ಅವರು ತಮ್ಮ ವಯಸ್ಸನ್ನು ಕೇಳಿದವರಿಗೆ, ತಮ್ಮ ವಯಸ್ಸಿನ ವರ್ಗವೇ ಇಸವಿಯಾಗಿದ್ದ ವರ್ಷವೊಂದು ತಮ್ಮ ಬಾಳಿನಲ್ಲಿ ಬಂದಿತ್ತೆಂದು ಒಗಟು ಹೇಳುತ್ತಿದ್ದರು. ೪೩ರ ವರ್ಗ ೧೮೪೯. ಆ ವರ್ಷ ಅವರಿಗೆ ೪೩. ೪೫ರ ವರ್ಗ ೨೦೨೫ ಆದುದರಿಂದ ೧೯೮೦ರಲ್ಲಿ ಹುಟ್ಟಿದವರಿಗೂ ಈ ಯೋಗ ಉಂಟು. ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಅಂಥವರಿದ್ದಾರೆಯೇ ಎಂದು ವಿಚಾರಿಸಿ ನೋಡಲಿ. ಮ ುಂದಿನ ಸರದಿ ೨೧೧೬ರಲ್ಲಿ!

ಅವರ ಬಾಳಿನ ಕೊನೆಯ ವರ್ಷಗಳು ದುಃಖದಿಂದ ತುಂಬಿದವು. ಮಗ ಜಾರ್ಜನೂ ಅವನ ಗೆಳೆಯನೂ ಸೇರಿ ಕನಸು ಕಂಡ ಲಂಡನ್ ಗಣಿತ ಸಂಘ ೧೮೬೫ರಲ್ಲಿ ಸ್ಥಾಪನೆಯಾಗಿ, ತಂದೆಯೇ ಅದರ ಪ್ರಥಮ ಅಧ್ಯಕ್ಷರಾದರು. ಆದರೆ ಮರುವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ತರ್ಕಶಾಸ್ತ್ರಗಳ ಪೀಠ ತೆರವಾದಾಗ, ಯೋಗ್ಯರಾದ ಜೇಮ್ಸ್ ಮಾರ್ಟಿನೋ ಎಂಬವರನ್ನು ಅವರು ಯೂನಿಟೇರಿಯನ್ ಪಂಥದ ಪಾದ್ರಿಯೆಂಬ ಕಾರಣದಿಂದ ಆಡಳಿತ ಮಂಡಲಿ ದೂರವಿಟ್ಟಿತು. ಯಾರ ಮತವನ್ನೂ ಕೇಳುವುದಿಲ್ಲವೆಂದು ಹುಟ್ಟಿದ ಸಂಸ್ಥೆ ತನ್ನ ಮಾತಿಗೆ ತಾನೇ ತಪ್ಪಿತೆಂದು ಡಿ ಮಾರ್ಗನ್ನರು ನೊಂದುಕೊಂಡರು. ಮಾರ್ಟಿನೋ ಅವರ ಪಂಥಕ್ಕೆ ಸೇರಿದವರಲ್ಲ ಇವರು. ಆದರೂ ಅರವತ್ತರ ಆ ವಯಸ್ಸಿನಲ್ಲಿ ಎರಡನೆಯ ಬಾರಿಗೆ ರಾಜೀನಾಮೆಯನ್ನು ಬರೆದುಕೊಟ್ಟರು. ತತ್ತ್ವದಲ್ಲಿ ತಪ್ಪಾದರೆ ವಿದ್ಯಾರ್ಥಿಯ ಹಾಳೆಯಲ್ಲಿಯೂ ಬಿಡದವರು ತಮ್ಮ ಕಾಲೇಜಿನ ವಿಷಯದಲ್ಲಿ ಬಿಟ್ಟಾರೆಯೆ? ಹಳೆಯ ಶಿಷ್ಯರು ಅವರ ಭಾವಚಿತ್ರವನ್ನು ಬರೆಯಿಸಿ ಕಾಲೇಜಿನಲ್ಲಿಡಲು ಬಯಸಿದಾಗ ಅದಕ್ಕೂ ಅವರು ಸಮ್ಮತಿಸಲಿಲ್ಲ.

೧೮೬೭ರಲ್ಲಿ ಮಗ ಜಾರ್ಜ್ ತೀರಿಕೊಂಡನು. ೧೮೭೦ರಲ್ಲಿ ಮಗಳೊಬ್ಬಳು ಹೋದಳು. ಈ ಪೆಟ್ಟುಗಳಿಂದ ಚೇತರಿಸಿಕೊಳ್ಳಲಾರದೆ ಡಿ ಮಾರ್ಗನ್ನರು ೧೮೭೧ನೆಯ ಇಸವಿಯ ಮಾರ್ಚ್ ೧೮ರಂದು ಇಹಲೋಕವನ್ನು ತ್ಯಜಿಸಿದರು. ಅವರ ಅಮೂಲ್ಯ ಗ್ರಂಥಭಂಡಾರ ಲಂಡನ್ ವಿಶ್ವವಿದ್ಯಾಲಯವನ್ನು ಸೇರಿತು. ಯಾವ ರುಜುವಿಗಾಗಿ ಕೇಂಬ್ರಿಜ್ಜನ್ನು ತೊರೆದಿದ್ದರೋ ಆ ರುಜುವಿನ ಕಟ್ಟಳೆಯನ್ನು ಬ್ರಿಟಿಷ್ ಪಾರ್ಲಿಮೆಂಟು ಅವರು ಕಣ್ಮುಚ್ಚಿದ ಕೆಲವೇ ತಿಂಗಳುಗಳಲ್ಲಿ, ಅದೇ ೧೮೭೧ರಲ್ಲಿ, ರದ್ದುಪಡಿಸಿತು.

ವಿದ್ಯಾರ್ಥಿಮಿತ್ರರೆ, ಪರೀಕ್ಷೆ ಬೇಡವೆಂದು ನಾವು ಹೇಳುತ್ತಿಲ್ಲ. ಡಿ ಮಾರ್ಗನ್ನರೂ ಪ್ರಶ್ನೆಪತ್ರಿಕೆ ತೆಗೆದವರೇ. ಸೂತ್ರವನ್ನು ಬಾಯಿಪಾಠ ಮಾಡುವ ಮೊದಲು ಅದು ಏಕೆ ನಿಜವೆಂದು ಒಮ್ಮೆ ಕೇಳಿ. ಅಧ್ಯಾಪಕರು ಅವಸರದಲ್ಲಿದ್ದರೆ ಮರುದಿನ ಮತ್ತೆ ಕೇಳಿ. ಆ ಬಾಲೆ ಈಗ ನಮ್ಮ ಶಾಲೆಯನ್ನು ಬಿಟ್ಟು ಮುಂದಿನ ವ್ಯಾಸಂಗಕ್ಕೆ ಹೋಗಿದ್ದಾಳೆ. ಈ ಸಂಚಿಕೆ ಅವಳ ಕೈಸೇರಿದರೆ, ಹಾಲು ಮತ್ತು ಲೋಟದ ಉತ್ತರ ಅವಳಿಗಾಗಿಯೇ ಬರೆದುದೆಂದು ತಿಳಿಯಲಿ. ತಡವಾದುದಕ್ಕೆ ನಮ್ಮನ್ನು ಕ್ಷಮಿಸಲಿ.